ಎಡಗೈಯಲ್ಲಿ ನಾಲ್ಕು ಬ್ರಶ್

ಚಿತ್ರ ಬಿಡಿಸುವ ಸಾಫ್ಟ್‌ವೇರ್ ಕಟ್ಟುತ್ತಿರುವ ಎಲ್ಲರಿಗೆ,



ನಾನು ಮಕ್ಕಳ ಪುಸ್ತಕಗಳಿಗೆ, ವಾರಪತ್ರಿಕೆಯ ಕಥೆಗಳಿಗೆ ಚಿತ್ರ ಬರೆಯುವವಳು. ಹತ್ತು ವರ್ಷಕ್ಕೂ ಮೇಲಾಯಿತು, ಕಾಗದಕ್ಕಿಂತ ನಿಮ್ಮ ಕ್ಯಾನ್ವಾಸಿನ ಮೇಲೇ ನನ್ನ ಕೆಲಸ ಹೆಚ್ಚು. ಬಲಗೈಯಲ್ಲಿ ಪೆನ್ನು, ಎಡಗೈ ಕೀಬೋರ್ಡಿನ ಮೇಲೆ, ದಿನಕ್ಕೆ ಆರೇಳು ತಾಸು ಹೀಗೇ ಕಳೆಯುತ್ತದೆ. ನಿಮ್ಮಲ್ಲಿ ಕೆಲವರು ಕಂಪನಿಗಳಲ್ಲಿ ಕೂತು ಇದನ್ನು ಕಟ್ಟುತ್ತೀರಿ. ಇನ್ನು ಕೆಲವರು ಹಗಲೆಲ್ಲ ಬೇರೆ ಕೆಲಸ ಮಾಡಿ, ರಾತ್ರಿ ಊಟವಾದ ಮೇಲೆ ಯಾರಿಂದಲೂ ಕಾಸು ಕೇಳದೆ ಕೋಡ್ ಬರೆಯುತ್ತೀರಿ. ಇಬ್ಬರ ಋಣವೂ ನನ್ನ ಮೇಲಿದೆ. ಆ ಸಲುಗೆಯಿಂದಲೇ ಈ ಪತ್ರ ಬರೆಯುತ್ತಿದ್ದೇನೆ.

ವಿಷಯ ಒಂದೇ. ಒಂದು ಬ್ರಶ್ ಬಿಟ್ಟು ಇನ್ನೊಂದನ್ನು ತೆಗೆದುಕೊಳ್ಳುವ ಆ ಅರೆಕ್ಷಣ. ಒಂದು ಪುಟ ಮುಗಿಯುವಷ್ಟರಲ್ಲಿ ಎಷ್ಟು ಸಲ ಬ್ರಶ್ ಬದಲಿಸುತ್ತೇನೆ ಎಂದು ಒಮ್ಮೆ ಎಣಿಸಲು ಕೂತೆ. ನೂರು ದಾಟಿದ ಮೇಲೆ ಎಣಿಕೆ ಬಿಟ್ಟೆ. ಇಷ್ಟು ಸಲ ಆಗುವ ಕೆಲಸ ಸ್ವಲ್ಪ ತಡವರಿಸಿದರೂ ದಿನದ ಕೊನೆಗೆ ಮೈಗೆ ಗೊತ್ತಾಗುತ್ತದೆ.

ದಾವಣಗೆರೆಯಲ್ಲಿ ನನ್ನ ಸೋದರಮಾವನಿಗೆ ಬೋರ್ಡ್ ಬರೆಯುವ ಅಂಗಡಿ ಇತ್ತು. ಬೇಸಿಗೆ ರಜೆ ಬಂದರೆ ನಾನು ಅಲ್ಲೇ. ಬೆಣ್ಣೆ ದೋಸೆ ಹೋಟೆಲಿನ ಬೋರ್ಡು, ಲಾರಿಯ ಹಿಂದಿನ ಬರಹ, ದುಗ್ಗಮ್ಮನ ಜಾತ್ರೆ ಬಂದ ವರ್ಷ ಬಟ್ಟೆ ಬ್ಯಾನರು. ತಗಡಿಗೆ ಎರಡು ಕೋಟು ಬಿಳಿ ಎನಾಮೆಲ್ ಹೊಡೆದು ಒಣಗಿಸಿ, ದಾರಕ್ಕೆ ಸೀಮೆಸುಣ್ಣದ ಪುಡಿ ಸವರಿ, ಎರಡೂ ತುದಿ ಬಿಗಿಹಿಡಿದು ನಡುವೆ ಮೀಟಿದರೆ ನೆಟ್ಟನೆ ಗೆರೆ ಬೀಳುತ್ತಿತ್ತು. ದಾರದ ಆ ತುದಿ ಹಿಡಿಯುವುದು ನನ್ನ ಪಾಲಿನ ಕೆಲಸ. ಆಮೇಲೆ ಮಾವ ಬರೆಯಲು ನಿಲ್ಲುತ್ತಿದ್ದ. ಎಡಗೈಯ ಬೆರಳ ಸಂದಿಗಳಲ್ಲಿ ನಾಲ್ಕು ಬ್ರಶ್. ಅಕ್ಷರದ ಮೈ ತುಂಬಲು ಒಂದಿಂಚಿನ ಚಪ್ಪಟೆ ಬ್ರಶ್. ಕೊಂಬು, ಒತ್ತು, ಸುಳಿ ತಿರುಗಿಸಲು ಉದ್ದ ಕೂದಲಿನ ದುಂಡನೆಯದು. ನೆರಳಿಗೆ ಇನ್ನೊಂದು. ನಾಲ್ಕನೆಯದು ಯಾವಾಗಲೂ ಹಿನ್ನೆಲೆಯ ಬಿಳಿಯಲ್ಲೇ ಅದ್ದಿರುತ್ತಿತ್ತು, ಅಕ್ಷರದ ಅಂಚು ಕತ್ತರಿಸಿ ಚೂಪು ಮಾಡಲು. ‘ಶ್ರೀ’ ಒಂದನ್ನು ಬರೆದು ಮುಗಿಸುವಷ್ಟರಲ್ಲಿ ಬಲಗೈಯ ಬ್ರಶ್ ಮೂರು ಸಲ ಬದಲಾಗುತ್ತಿತ್ತು: ಮೈಗೆ ಒಂದು, ರ-ಒತ್ತಿಗೆ ಒಂದು, ಕೊನೆಗೆ ದೀರ್ಘದ ಬಾಲ ಎಳೆದ ಮೇಲೆ ಅಂಚಿಗೆ ಬಿಳಿ.

ಮಾವ ಬ್ರಶ್‌ಗಳನ್ನು ನೋಡುತ್ತಲೇ ಇರಲಿಲ್ಲ. ಕಣ್ಣು ಬೋರ್ಡಿನ ಮೇಲಿದ್ದಂತೆಯೇ ಬಲಗೈ ಎಡಗೈಯ ಹತ್ತಿರ ಹೋಗಿ, ಒಂದನ್ನು ಸಿಕ್ಕಿಸಿ ಇನ್ನೊಂದನ್ನು ಎಳೆದುಕೊಂಡು ಬರುತ್ತಿತ್ತು. ನಾನು ಕಲಿಯುವಾಗ ಪ್ರತಿ ಸಲವೂ ತಲೆ ತಗ್ಗಿಸಿ ಬ್ರಶ್ ಹುಡುಕುತ್ತಿದ್ದೆ. “ಬ್ರಶ್ ನೋಡಬ್ಯಾಡ ಪುಟ್ಟಿ, ಅಕ್ಷರ ನೋಡು,” ಅನ್ನುತ್ತಿದ್ದ.

ಮಾವ ಹಾಗೆ ನೋಡದೆ ಬದಲಿಸಲು ಸಾಧ್ಯವಾಗಿದ್ದು ಕೈಚಳಕದಿಂದಷ್ಟೇ ಅಲ್ಲ. ಬ್ರಶ್‌ಗಳನ್ನು ನಂಬಬಹುದಿತ್ತು. ಚಪ್ಪಟೆ ಬ್ರಶ್ ಕೆಳಗಿಟ್ಟು ದುಂಡನೆಯದನ್ನು ಎತ್ತಿಕೊಂಡರೆ, ಚಪ್ಪಟೆಯದರ ಅಗಲ ದುಂಡನೆಯದಕ್ಕೆ ಅಂಟಿಕೊಂಡು ಬರುತ್ತಿರಲಿಲ್ಲ. ಅರ್ಧ ತಾಸು ಬಿಟ್ಟು ಮತ್ತೆ ಎತ್ತಿಕೊಂಡರೂ ಚಪ್ಪಟೆಯದು ತಾನು ಇದ್ದ ಹಾಗೇ ಇರುತ್ತಿತ್ತು.

ಈಗ ನಿಮ್ಮ ಕ್ಯಾನ್ವಾಸಿಗೆ ಬರುತ್ತೇನೆ. ಕೆಲವು ವರ್ಷಗಳ ಹಿಂದೆ ಒಂದು ಮಕ್ಕಳ ಪುಸ್ತಕಕ್ಕೆ ಎದುರುಬದುರು ಎರಡು ಪುಟಕ್ಕೂ ಹರಡಿದ ಚಿತ್ರ ಮಾಡುತ್ತಿದ್ದೆ. ಬೆಳಗಿನ ಜಾವ ಕೆರೆ ಏರಿಯ ಮೇಲೆ ಅಜ್ಜಿ, ಮೊಮ್ಮಗ ನಡೆದು ಹೋಗುತ್ತಿದ್ದಾರೆ, ನೀರಿನ ಅಂಚಿನಲ್ಲಿ ಜೊಂಡು, ಮೇಲೆ ಮಂಜು. ಅಜ್ಜಿಯ ಸೀರೆಯ ಚೌಕಳಿ ಗೆರೆಗಳನ್ನು ಸಣ್ಣ ಇಂಕ್ ಬ್ರಶ್‌ನಲ್ಲಿ ಎಳೆಯುತ್ತಿದ್ದೆ. ಒಂದು ಗೆರೆ ಸೊಟ್ಟಗಾಯಿತು. ಇರೇಸರ್ ಕೀಲಿ ಒತ್ತಿ ಅಳಿಸಿದೆ. ಅಷ್ಟರಲ್ಲಿ ಫೋನ್ ಬಂತು. ಮಾತು ಮುಗಿಸಿ ಬಂದು, ಮಂಜು ಹಾಕೋಣವೆಂದು ಅಗಲವಾದ ಮೆದು ಬ್ರಶ್ ಆರಿಸಿಕೊಂಡೆ. ಆ ಸಾಫ್ಟ್‌ವೇರ್‌ನಲ್ಲಿ ಬ್ರಶ್ ಬದಲಾದರೂ ಅಳಿಸುವ ಸ್ಥಿತಿ ಮಾತ್ರ ಹಾಗೇ ಉಳಿದಿತ್ತು. ಕೆಳಗಿನ ಲೇಯರ್ ತಿಳಿ ಬೂದು ಬಣ್ಣದ್ದು. ಬ್ರಶ್ಶಿನ ಒಪ್ಯಾಸಿಟಿ ಬಹಳ ಕಡಿಮೆ. ಹಾಗಾಗಿ ಪೆನ್ನು ಆಡಿಸಿದಂತೆಲ್ಲ ಪರದೆಯ ಮೇಲೆ ಮಂಜು ಕವಿದ ಹಾಗೇ ಕಂಡಿತು. ಮುಕ್ಕಾಲು ತಾಸು ಮನಸ್ಸಿಟ್ಟು ಮಂಜು ಹರಡಿದೆ. ಕೊನೆಗೆ ಹಿನ್ನೆಲೆಯನ್ನು ಸ್ವಲ್ಪ ಗಾಢ ಮಾಡಿ ನೋಡಿದಾಗ ಎದೆ ಧಸಕ್ಕೆಂದಿತು. ಮಂಜು ಎಂದು ಬಳಿದ ಜಾಗದಲ್ಲೆಲ್ಲ ಚಿತ್ರವನ್ನೇ ತೆಳ್ಳಗೆ ಕೆರೆದು ತೆಗೆದಿದ್ದೆ. ಜೊಂಡು ಅರ್ಧ ಇಲ್ಲ, ಅಜ್ಜಿಯ ಪಾದಗಳ ಮೂಲಕ ಕೆರೆ ಕಾಣುತ್ತಿತ್ತು. ಅನ್‌ಡೂ ಅಷ್ಟು ಹಿಂದಕ್ಕೆ ಹೋಗಲಿಲ್ಲ. ಮರುದಿನ ಬೆಳಿಗ್ಗೆ ಚಿತ್ರ ಪ್ರೆಸ್ಸಿಗೆ ಹೋಗಬೇಕಿತ್ತು. ರಾತ್ರಿಯೆಲ್ಲ ಕೂತು ಮತ್ತೆ ಬರೆದೆ.

ಆ ರಾತ್ರಿಯಿಂದ ಒಂದೇ ಪ್ರಶ್ನೆ ನನ್ನ ತಲೆಯಲ್ಲಿದೆ, ಅದನ್ನೇ ನಿಮ್ಮ ಮುಂದಿಡುತ್ತಿದ್ದೇನೆ. ಬ್ರಶ್ ಬದಲಾದಾಗ ಯಾವುದು ಬ್ರಶ್ಶಿನ ಜೊತೆ ಹೋಗಬೇಕು, ಯಾವುದು ನನ್ನ ಕೈಯಲ್ಲಿ ಉಳಿಯಬೇಕು? ಗಾತ್ರ, ಒಪ್ಯಾಸಿಟಿ, ಬಣ್ಣ, ಕಾಗದದ ಒರಟುತನ, ಅಳಿಸುವ ಸ್ಥಿತಿ, ಇವೆಲ್ಲ ನಿಮ್ಮ ಕೋಡಿನಲ್ಲಿ ಒಂದೇ ಪಟ್ಟಿಯ ಸಾಲುಗಳಿರಬಹುದು. ಕೈಗೆ ಅವು ಬೇರೆ ಬೇರೆ ಮನೆಯವು. ಯಾವುದು ಯಾರ ಮನೆಯದು ಎಂದು ನೀವು ಮೊದಲೇ ತೀರ್ಮಾನಿಸಿ, ಆ ಮಾತಿಗೆ ಎಲ್ಲ ಕಡೆಯೂ ಬದ್ಧರಾಗಿರಬೇಕು. ನಾನು ಕೇಳುವುದು ಇಷ್ಟೇ.

ಬಣ್ಣದ ಬಗ್ಗೆ ಜಗಳವಿಲ್ಲ. ಅದು ಕೈಯದು. ಕೆಂಪು ಆರಿಸಿಕೊಂಡು ಯಾವ ಬ್ರಶ್ ಹಿಡಿದರೂ ಕೆಂಪೇ ಬರಬೇಕು.

ಗಾತ್ರ ಬ್ರಶ್ಶಿನದು ಎಂದು ನನ್ನ ಗಟ್ಟಿ ಅಭಿಪ್ರಾಯ. ಇದನ್ನು ಒಬ್ಬೊಬ್ಬರು ಒಂದೊಂದು ರೀತಿ ನಡೆಸಿದ್ದೀರಿ. ಫೋಟೋಶಾಪ್‌ನಲ್ಲಿ ಬ್ರಶ್ ಮತ್ತು ಇರೇಸರ್ ಬೇರೆ ಬೇರೆ ಉಪಕರಣಗಳು, ಅವುಗಳ ಗಾತ್ರವೂ ಬೇರೆ. ಹೊಸ ಪ್ರೀಸೆಟ್ ಉಳಿಸುವಾಗ ಗಾತ್ರವನ್ನೂ ಸೇರಿಸಬೇಕೇ ಎಂದು ನಮ್ಮನ್ನೇ ಕೇಳುತ್ತದೆ. ಗಿಂಪ್‌ನಲ್ಲಿ ಬಣ್ಣ ಹಚ್ಚುವ ಉಪಕರಣಗಳೆಲ್ಲ ಒಂದೇ ಬ್ರಶ್ ಹಂಚಿಕೊಳ್ಳಬೇಕೇ, ಬೇಡವೇ ಎಂಬುದನ್ನು ಸೆಟ್ಟಿಂಗ್‌ನಲ್ಲಿ ಆರಿಸಬಹುದು. ನಾನು ಈಗ ಹೆಚ್ಚಾಗಿ ಬಳಸುವುದು ಕ್ರಿಟಾ. (ಸ್ವೀಡಿಷ್ ಭಾಷೆಯಲ್ಲಿ ಆ ಮಾತಿಗೆ ಸೀಮೆಸುಣ್ಣ ಎಂಬ ಅರ್ಥವಿದೆ ಎಂದು ತಿಳಿದ ದಿನ ಮಾವನ ದಾರ ನೆನಪಾಗಿ ಬಹಳ ಹೊತ್ತು ಸುಮ್ಮನೆ ಕೂತಿದ್ದೆ.) ಅಲ್ಲಿ ಪ್ರೀಸೆಟ್‌ನಲ್ಲಿ ಮಾಡಿಕೊಂಡ ಸಣ್ಣಪುಟ್ಟ ಬದಲಾವಣೆಯನ್ನು ತಾತ್ಕಾಲಿಕವಾಗಿ ಉಳಿಸಿಕೊಳ್ಳುವ ಒಂದು ಆಯ್ಕೆ ಇದೆ. ಅದಕ್ಕೆ ಟಿಕ್ ಹಾಕಿದರೆ, ಇಂಕ್ ಬ್ರಶ್ಶನ್ನು ಸ್ವಲ್ಪ ದಪ್ಪ ಮಾಡಿಕೊಂಡು, ಬೇರೆ ಬ್ರಶ್ ಹಿಡಿದು ಬಂದು, ಮತ್ತೆ ಇಂಕ್ ಬ್ರಶ್ ಹಿಡಿದರೂ ನಾನು ಬಿಟ್ಟ ದಪ್ಪವೇ ಸಿಗುತ್ತದೆ. ಮೂಲ ರೂಪ ಬೇಕೆಂದರೆ ಮರಳಿ ತರುವ ಗುಂಡಿಯೂ ಇದೆ. ಮಾವನ ಎಡಗೈ ಅಂದರೆ ಇದೇ. ಇದು ಮೂಲೆಯಲ್ಲಿರುವ ಒಂದು ಆಯ್ಕೆಯಾಗಿ ಉಳಿಯದೆ ಎಲ್ಲ ಸಾಫ್ಟ್‌ವೇರ್‌ಗಳಲ್ಲೂ ಮೊದಲ ದಿನದಿಂದಲೇ ಸಹಜವಾಗಿ ನಡೆಯುವಂತಾಗಬೇಕು. ಹೊಸದಾಗಿ ಕಲಿಯುವ ಹುಡುಗಿಗೆ ಅಂಥ ಆಯ್ಕೆ ಇದೆಯೆಂದೇ ಗೊತ್ತಿರುವುದಿಲ್ಲ; ಬ್ರಶ್ ತಾನಾಗಿ ಸಣ್ಣದಾಯಿತು, ದೊಡ್ಡದಾಯಿತು ಎಂದು ತನ್ನ ಕೈಯನ್ನೇ ಅನುಮಾನಿಸುತ್ತಾಳೆ.

ಕಾಗದದ ಒರಟುತನ ಬ್ರಶ್ಶಿನದೂ ಅಲ್ಲ, ಕೈಯದೂ ಅಲ್ಲ. ಅದು ಕಾಗದದ್ದು. ಒರಟು ಹಾಳೆಯ ಮೇಲೆ ಇದ್ದಲು ಉಜ್ಜಿದರೂ, ಒಣ ಬ್ರಶ್ ಎಳೆದರೂ ಅದೇ ಹಾಳೆಯ ಉಬ್ಬುತಗ್ಗು ಕಾಣಬೇಕು. ಎಷ್ಟೋ ಸಾಫ್ಟ್‌ವೇರ್‌ಗಳಲ್ಲಿ ಒಂದೊಂದು ಬ್ರಶ್ಶೂ ತನ್ನದೇ ಕಾಗದವನ್ನು ಕಂಕುಳಲ್ಲಿಟ್ಟುಕೊಂಡು ಬರುತ್ತದೆ. ಬ್ರಶ್ ಬದಲಿಸಿದರೆ ಕಾಲ ಕೆಳಗಿನ ನೆಲವೇ ಬದಲಾಗುತ್ತದೆ. ಒಂದೇ ಚಿತ್ರದಲ್ಲಿ ಆಕಾಶ ಒಂದು ಹಾಳೆಯ ಮೇಲೆ, ಮರ ಇನ್ನೊಂದು ಹಾಳೆಯ ಮೇಲೆ ಇದ್ದಂತೆ ಕಾಣುತ್ತದೆ. ಇದನ್ನು ಬಹಳ ಹಿಂದೆಯೇ ಸರಿಯಾಗಿ ಯೋಚಿಸಿದವರಿದ್ದಾರೆ. 1991ರಲ್ಲಿ ಮಾರ್ಕ್ ಝಿಮ್ಮರ್ ಮತ್ತು ಟಾಮ್ ಹೆಜಸ್ ಹೊರತಂದ ಪೇಂಟರ್ ಎಂಬ ಸಾಫ್ಟ್‌ವೇರ್ ಪೆಟ್ಟಿಗೆಯಲ್ಲಿ ಬರದೆ ಬಣ್ಣದ ಡಬ್ಬಿಯಲ್ಲೇ ಮಾರಾಟವಾಯಿತು. ಅದರಲ್ಲಿ ಕಾಗದವನ್ನು ಪ್ರತ್ಯೇಕವಾಗಿ ಆರಿಸಬಹುದು. ಕಾಗದಕ್ಕೆ ಸ್ಪಂದಿಸುವ ಬ್ರಶ್‌ಗಳೆಲ್ಲ ಆ ಒಂದೇ ಕಾಗದವನ್ನು ಪಾಲಿಸುತ್ತವೆ. ಕ್ರಿಟಾದಲ್ಲಿ ಬ್ರಶ್ ಎಡಿಟರ್ ತೆರೆದು, ಟೆಕ್ಸ್ಚರ್‌ನ ಪಕ್ಕದಲ್ಲಿರುವ ಸಣ್ಣ ಬೀಗದ ಚಿತ್ರ ಒತ್ತಿದರೆ ಆ ಗುಣ ಬ್ರಶ್ ಬದಲಾದರೂ ಕದಲುವುದಿಲ್ಲ. ಬೀಗ ನನಗೆ ಬಹಳ ಇಷ್ಟವಾದ ಉಪಾಯ. ಯಾವುದು ಯಾರದು ಎಂಬ ನಿಮ್ಮ ತೀರ್ಮಾನ ನನಗೆ ಒಪ್ಪಿಗೆಯಾಗದಿದ್ದರೆ, ಅದನ್ನು ನನ್ನ ಚಿತ್ರದ ಮಟ್ಟಿಗೆ ಬದಲಿಸಿಕೊಳ್ಳುವ ಹಕ್ಕನ್ನು ಆ ಬೀಗ ನನಗೆ ಕೊಡುತ್ತದೆ.

ಅಳಿಸುವ ವಿಷಯಕ್ಕೆ ಸ್ವಲ್ಪ ಹೆಚ್ಚು ಜಾಗ ಬೇಕು, ನನಗೆ ಪೆಟ್ಟು ಬಿದ್ದಿದ್ದು ಅಲ್ಲೇ.

ಮಾವನ ಅಂಗಡಿಯಲ್ಲಿ ರಬ್ಬರ್ ಎಂಬುದೇ ಇರಲಿಲ್ಲ. ಹಸಿ ಇದ್ದರೆ ಟರ್ಪಂಟೈನ್ ಅದ್ದಿದ ಬಟ್ಟೆಚೂರು. ಒಣಗಿದ್ದರೆ ಹಿನ್ನೆಲೆಯ ಬಿಳಿಯಲ್ಲಿ ಅದ್ದಿದ ಆ ನಾಲ್ಕನೆಯ ಬ್ರಶ್. ಅಳಿಸುವುದು ಅಂದರೆ ಹಿಂದಿನ ಬಣ್ಣವನ್ನು ಮುಂದಕ್ಕೆ ತರುವುದು. 1985ರಲ್ಲಿ ಅಮಿಗಾ ಕಂಪ್ಯೂಟರಿಗೆ ಡ್ಯಾನ್ ಸಿಲ್ವಾ ಬರೆದ ಡಿಲಕ್ಸ್ ಪೇಂಟ್ ಕೂಡ ಹೀಗೇ ಯೋಚಿಸಿತ್ತು. ಮೌಸಿನ ಎಡಗುಂಡಿ ಒತ್ತಿ ಎಳೆದರೆ ಮುಂದಿನ ಬಣ್ಣ, ಬಲಗುಂಡಿ ಒತ್ತಿ ಎಳೆದರೆ ಹಿನ್ನೆಲೆಯ ಬಣ್ಣ. ಬ್ರಶ್ ಅದೇ, ಬೆರಳು ಮಾತ್ರ ಬೇರೆ. ಆಮೇಲೆ ಲೇಯರ್‌ಗಳು ಬಂದವು, ಹಿನ್ನೆಲೆ ಎಂದರೆ ಬಣ್ಣವಾಗಿ ಉಳಿಯದೆ ಖಾಲಿಯಾಯಿತು, ಅಳಿಸುವುದಕ್ಕೆಂದೇ ಬೇರೆ ಉಪಕರಣ ಹುಟ್ಟಿತು.

ಈಗ ನಿಮ್ಮ ನಡುವೆ ಮೂರು ದಾರಿಗಳಿವೆ. ಇರೇಸರ್ ಬೇರೆಯೇ ಒಂದು ಉಪಕರಣ, ಅದಕ್ಕೆ ಅದರದೇ ಬ್ರಶ್, ಅದರದೇ ಗಾತ್ರ: ಇದೊಂದು. ಪ್ರೊಕ್ರಿಯೇಟ್‌ನಲ್ಲಿ ಬ್ರಶ್, ಸ್ಮಡ್ಜ್, ಇರೇಸರ್ ಎಂಬ ಮೂರು ಗುಂಡಿಗಳು ಅಕ್ಕಪಕ್ಕದಲ್ಲಿವೆ, ಮೂರಕ್ಕೂ ಬೇರೆ ಬೇರೆ ಬ್ರಶ್ ಇಟ್ಟುಕೊಳ್ಳಬಹುದು. ಆದರೂ ಇರೇಸರ್ ಗುಂಡಿಯನ್ನು ಸ್ವಲ್ಪ ಹೊತ್ತು ಒತ್ತಿಹಿಡಿದರೆ ಈಗ ಕೈಯಲ್ಲಿರುವ ಬ್ರಶ್ಶೇ ಅಳಿಸಲು ಶುರುಮಾಡುತ್ತದೆ. ಜನರಿಗೆ ಅದೂ ಬೇಕಾಗುತ್ತದೆ ಎಂದು ಅವರು ಕಂಡುಕೊಂಡಿದ್ದಾರೆ. ಎರಡನೆಯದು ಅಳಿಸುವುದನ್ನು ಒಂದು ಸ್ಥಿತಿ ಎಂದು ನೋಡುವುದು: ಕ್ರಿಟಾ, ಮೈಪೇಂಟ್‌ಗಳಲ್ಲಿ ಇಂಗ್ಲಿಷಿನ ‘ಇ’ ಕೀಲಿ ಒತ್ತಿದರೆ ಕೈಯಲ್ಲಿರುವ ಬ್ರಶ್ ತಿರುಗಿ ಅಳಿಸುವ ಬ್ರಶ್ ಆಗುತ್ತದೆ, ಮತ್ತೆ ಒತ್ತಿದರೆ ಮೊದಲಿನಂತೆ. ಮೂರನೆಯದು ಕ್ಲಿಪ್ ಸ್ಟುಡಿಯೋ ಪೇಂಟ್‌ನದು. ಅಲ್ಲಿ ಎರಡು ಬಣ್ಣಗಳ ಜೊತೆ ಮೂರನೆಯದಾಗಿ ‘ಪಾರದರ್ಶಕ’ ಎಂಬ ಬಣ್ಣವೇ ಇದೆ. ಅದನ್ನು ಆರಿಸಿಕೊಂಡು ಯಾವ ಬ್ರಶ್ ಎಳೆದರೂ ಅದು ಅಳಿಸುತ್ತದೆ.

ನನಗೆ ಮೂರನೆಯ ದಾರಿ ಸರಿ ಅನ್ನಿಸುತ್ತದೆ. ಹಾಗೆ ನೋಡಿದರೆ ನನಗೆ ಅನಾಹುತವಾದ ಸಾಫ್ಟ್‌ವೇರ್ ಮಾಡಿದ್ದು ಪೂರ್ತಿ ತಪ್ಪಲ್ಲ. ಒಂದೇ ಬ್ರಶ್ಶಿನಲ್ಲಿ ಅಳಿಸಿ ಸಾಕಾಗದೆ, ಬ್ರಶ್ ಬದಲಿಸಿ ಬದಲಿಸಿ ಅಳಿಸುವ ಕಲಾವಿದರಿದ್ದಾರೆ. ಮೋಡಕ್ಕೆ ನಾನೇ ಹಾಗೆ ಮಾಡುತ್ತೇನೆ: ಸ್ಪಂಜಿನಂಥ ಬ್ರಶ್ಶಿನಲ್ಲಿ ಒಂದಿಷ್ಟು ತೆಗೆದು, ಮೆದು ಬ್ರಶ್ಶಿನಲ್ಲಿ ಅಂಚು ಕರಗಿಸುತ್ತೇನೆ. ಅವರಿಗೆಲ್ಲ ಅಳಿಸುವ ಸ್ಥಿತಿ ಉಳಿಯಲೇಬೇಕು. ಅಂದರೆ ಅದು ಬಣ್ಣದ ಹಾಗೆ ಕೈಯದು. ಕೈಯದಾದರೆ ಬಣ್ಣ ತೋರಿಸುವ ಜಾಗದಲ್ಲೇ ಅದು ಕಾಣಬೇಕು, ಬಣ್ಣ ಬದಲಿಸಿದ ಕೂಡಲೇ ಹೋಗಬೇಕು. ಆ ರಾತ್ರಿ ನಾನು ಮಂಜಿಗೆಂದು ತಿಳಿ ನೀಲಿಯನ್ನು ಬೇರೆ ಆರಿಸಿಕೊಂಡಿದ್ದೆ. ನೀಲಿ ಆರಿಸಿದವಳು ಅಳಿಸಲು ಬಂದವಳಲ್ಲ ಎಂದು ಸಾಫ್ಟ್‌ವೇರ್ ಅರ್ಥ ಮಾಡಿಕೊಂಡಿದ್ದರೆ ಅಜ್ಜಿಯ ಪಾದ ಉಳಿಯುತ್ತಿತ್ತು.

ಇನ್ನೊಂದು ಮಾತು. ಅಳಿಸುವಾಗಿನ ಗಾತ್ರ ಮತ್ತು ಬರೆಯುವಾಗಿನ ಗಾತ್ರ ಸಾಮಾನ್ಯವಾಗಿ ಒಂದೇ ಇರುವುದಿಲ್ಲ. ಕೂದಲೆಳೆಯಷ್ಟು ಗೆರೆ ಬರೆದವರು ಹೆಬ್ಬೆರಳಷ್ಟು ಅಗಲದಲ್ಲಿ ಅಳಿಸುತ್ತಾರೆ. ಕ್ರಿಟಾದಲ್ಲಿ ಅಳಿಸುವ ಗಾತ್ರವನ್ನು ಬೇರೆಯಾಗಿ ನೆನಪಿಡುವ ಆಯ್ಕೆ ಇದೆ. ಪೆನ್ನನ್ನು ತಲೆಕೆಳಗು ಮಾಡಿದರೆ ಅದರ ಹಿಂದುಗಡೆಯ ತುದಿಗೆ ಬೇರೆ ಬ್ರಶ್ಶನ್ನೇ ನೆನಪಿಟ್ಟುಕೊಳ್ಳುತ್ತದೆ. ಆ ಪೆನ್ನು ತಿರುಗಿಸುವ ಕ್ರಿಯೆ ಎಷ್ಟು ಚೆನ್ನಾಗಿದೆ ನೋಡಿ. ನಾನು ಅಳಿಸುತ್ತಿದ್ದೇನೋ ಬರೆಯುತ್ತಿದ್ದೇನೋ ಎಂದು ಪರದೆಯ ಮೂಲೆ ನೋಡಿ ತಿಳಿಯಬೇಕಾಗಿಲ್ಲ, ಪೆನ್ನಿನ ಯಾವ ತುದಿ ಕೆಳಗಿದೆ ಎಂದು ಬೆರಳಿಗೇ ಗೊತ್ತು.

ಬೆರಳಿಗೆ ಗೊತ್ತಿರುವುದು ಎಷ್ಟು ದೊಡ್ಡದು ಎಂಬುದನ್ನು ನಿಮ್ಮ ಕ್ಷೇತ್ರದ ಹಿರಿಯರೇ ಹೇಳಿದ್ದಾರೆ. ಝೆರಾಕ್ಸ್ ಪಾರ್ಕ್ ಸಂಶೋಧನಾ ಕೇಂದ್ರದಲ್ಲಿದ್ದ ಲ್ಯಾರಿ ಟೆಸ್ಲರ್ ಬದುಕಿಡೀ ‘ಮೋಡ್’ಗಳ ವಿರುದ್ಧ ವಾದಿಸಿದವರು, ಒಂದೇ ಕೀಲಿ ಒಮ್ಮೆ ಒಂದು, ಇನ್ನೊಮ್ಮೆ ಇನ್ನೊಂದು ಕೆಲಸ ಮಾಡಬಾರದು ಎಂಬುದು ಅವರ ಹಟ. ಜೆಫ್ ರಾಸ್ಕಿನ್ 2000ದಲ್ಲಿ ಬಂದ ತಮ್ಮ ಪುಸ್ತಕದಲ್ಲಿ ಒಂದು ನಡುದಾರಿಯನ್ನು ವಿವರಿಸಿದರು: ಕೀಲಿ ಒತ್ತಿಹಿಡಿದಿರುವಷ್ಟು ಹೊತ್ತು ಮಾತ್ರ ಆ ಸ್ಥಿತಿ, ಬೆರಳು ಎತ್ತಿದರೆ ಮುಗಿಯಿತು. ಅಬಿಗೇಲ್ ಸೆಲನ್, ಗಾರ್ಡನ್ ಕರ್ಟನ್‌ಬ್ಯಾಕ್, ಬಿಲ್ ಬಕ್ಸ್‌ಟನ್ 1992ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಕೆಲವರು ಕೀಲಿ ಒತ್ತಿ ಸ್ಥಿತಿ ಬದಲಿಸುತ್ತಿದ್ದರು, ಕೆಲವರು ಕಾಲಡಿಯ ಪೆಡಲ್ ತುಳಿದು ಹಿಡಿಯುತ್ತಿದ್ದರು. ಪೆಡಲ್ ತುಳಿದು ಹಿಡಿದವರು ಯಾವ ಸ್ಥಿತಿಯಲ್ಲಿದ್ದೇವೆ ಎಂದು ಮರೆತು ಮಾಡುವ ತಪ್ಪು ಕಡಿಮೆಯಾಗಿತ್ತು. ಹೊಲಿಗೆ ಯಂತ್ರ ತುಳಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಕಾಲು ಎತ್ತಿದರೆ ಸೂಜಿ ನಿಲ್ಲುತ್ತದೆ.

ಹಾಗಾಗಿ ಬ್ರಶ್ ಬದಲಾವಣೆ ಎರಡು ಬಗೆಯದಿರಲಿ. ಕೀಲಿಯನ್ನು ತಟ್ಟಿದರೆ ಬ್ರಶ್ ಬದಲಾಗಿ ಅಲ್ಲೇ ಉಳಿಯಲಿ. ಒತ್ತಿಹಿಡಿದರೆ ಅಷ್ಟು ಹೊತ್ತು ಮಾತ್ರ ಬದಲಾಗಿ, ಬಿಟ್ಟ ತಕ್ಷಣ ಮೊದಲಿನದಕ್ಕೆ ಮರಳಲಿ. ಫೋಟೋಶಾಪ್‌ನಲ್ಲಿ ಉಪಕರಣಗಳಿಗೆ ಈ ಅನುಕೂಲ 2008ರಿಂದಲೇ ಇದೆ, ಕ್ಲಿಪ್ ಸ್ಟುಡಿಯೋದಲ್ಲೂ ಇದೆ. ಕ್ರಿಟಾದಲ್ಲಿ ಓರೆಗೆರೆಯ ಕೀಲಿ ಒತ್ತಿದರೆ ಹಿಂದಿನ ಬ್ರಶ್ ಬರುತ್ತದೆ, ನಾನು ಅತಿ ಹೆಚ್ಚು ಒತ್ತುವ ಕೀಲಿ ಅದೇ. ನನ್ನ ಕೆಲಸದ ಬಹುಪಾಲು ಎರಡು ಬ್ರಶ್‌ಗಳ ನಡುವಿನ ಓಡಾಟ. ಒತ್ತಿಹಿಡಿಯುವ ಉಪಾಯವನ್ನು ಉಪಕರಣಗಳಿಗಷ್ಟೇ ನಿಲ್ಲಿಸದೆ ಒಂದೊಂದು ಬ್ರಶ್ಶಿಗೂ ಕೊಡಿ.

ಕೊಡುವಾಗ ಮೂರು ಸಂದರ್ಭಗಳನ್ನು ಮರೆಯಬೇಡಿ. ಗೆರೆ ಅರ್ಧದಲ್ಲಿರುವಾಗ ಎಡಗೈ ಬೆರಳು ಎದ್ದುಬಿಟ್ಟರೆ, ಆ ಗೆರೆ ತಾನು ಶುರುವಾದ ಬ್ರಶ್ಶಿನಲ್ಲೇ ಮುಗಿಯಬೇಕು. ಎರಡು ಬ್ರಶ್ಶಿನ ಗೆರೆ ಯಾರಿಗೂ ಬೇಡ. ಒತ್ತಿಹಿಡಿದಾಗ ಗಾತ್ರ ಬದಲಿಸಿದರೆ ಆ ಬದಲಾವಣೆ ತಾತ್ಕಾಲಿಕ ಬ್ರಶ್ಶಿಗೇ ಸೇರಬೇಕು, ಮರಳಿದಾಗ ನನ್ನ ಮೊದಲಿನ ಬ್ರಶ್ ತನ್ನ ಗಾತ್ರದಲ್ಲೇ ಇರಬೇಕು. ಮೂರನೆಯದು, ಕೀಲಿ ಒತ್ತಿಹಿಡಿದಿರುವಾಗಲೇ ಬೇರೆ ವಿಂಡೋಗೆ ಹೋದರೆ ಬೆರಳು ಎತ್ತಿದ ಸುದ್ದಿ ನಿಮಗೆ ತಲುಪುವುದಿಲ್ಲ, ವಾಪಸು ಬಂದಾಗ ಸಾಫ್ಟ್‌ವೇರ್ ಇನ್ನೂ ಕೀಲಿ ಒತ್ತಿದೆ ಎಂದುಕೊಂಡೇ ಕೂತಿರುತ್ತದೆ. ವಿಂಡೋಗೆ ಮರಳಿದ ಕೂಡಲೇ ಒಮ್ಮೆ ಪರೀಕ್ಷಿಸಿಕೊಳ್ಳುವಂತೆ ಮಾಡಿ.

ವೇಗದ ಮಾತೂ ಇಲ್ಲೇ ಬರುತ್ತದೆ. ನನ್ನ ಹಳೆಯ ಲ್ಯಾಪ್‌ಟಾಪಿನಲ್ಲಿ ದೊಡ್ಡ ಟೆಕ್ಸ್ಚರ್ ಇರುವ ಬ್ರಶ್ ಆರಿಸಿದರೆ ಅದು ಸಿದ್ಧವಾಗಲು ಒಂದು ಉಸಿರಿನಷ್ಟು ಹೊತ್ತು ಬೇಕು. ನನ್ನ ಕೈ ಅಷ್ಟು ಹೊತ್ತು ಕಾಯುವುದಿಲ್ಲ. ಎಡಗೈ ಕೀಲಿ ಒತ್ತಿದಾಗಲೇ ಬಲಗೈ ಪೆನ್ನು ಊರಿ ಆಗಿರುತ್ತದೆ. ಪೆನ್ ಟ್ಯಾಬ್ಲೆಟ್ ಸೆಕೆಂಡಿಗೆ 100ಕ್ಕೂ ಹೆಚ್ಚು ಸಲ ತಾನಿರುವ ಜಾಗವನ್ನು ಹೇಳುತ್ತಿರುತ್ತದೆ; ಹೊಸ ಬ್ರಶ್ ಇನ್ನೂ ಬಂದಿಲ್ಲವೆಂದು ಆ ಬಿಂದುಗಳನ್ನೆಲ್ಲ ಹಳೆಯ ಬ್ರಶ್ಶಿನಲ್ಲಿ ಎಳೆದುಬಿಡುವುದು ತಪ್ಪು. ಕೀಲಿ ಮೊದಲು, ಪೆನ್ನು ಆಮೇಲೆ ಎಂಬ ಕ್ರಮ ಸ್ಪಷ್ಟವಿದ್ದರೆ ಬಿಂದುಗಳನ್ನು ಹಿಡಿದಿಟ್ಟುಕೊಂಡು ಹೊಸ ಬ್ರಶ್ ಸಿದ್ಧವಾದ ಮೇಲೆ ಎಳೆಯಿರಿ. ಗೆರೆ ತಡವಾಗಿ ಕಂಡರೆ ಸಹಿಸಿಕೊಳ್ಳುತ್ತೇನೆ. ಬೇರೆ ಬ್ರಶ್ಶಿನಲ್ಲಿ ಬಿದ್ದ ಗೆರೆಯನ್ನು ಅನ್‌ಡೂ ಮಾಡಿ, ಅದೇ ಗೆರೆಯನ್ನು ಅದೇ ಉಸಿರಿನಲ್ಲಿ ಮತ್ತೆ ಎಳೆಯಲು ಬರುವುದಿಲ್ಲ.

ಈಗ ಕನ್ನಡದಲ್ಲಿ ಕೆಲಸ ಮಾಡುವವರ ಒಂದು ಕಷ್ಟ. ಚಿತ್ರಕಥೆಯ ಪುಟದಲ್ಲಿ ಮಾತಿನ ಗುಳ್ಳೆಗಳನ್ನು ತುಂಬುವಾಗ ಕೀಬೋರ್ಡನ್ನು ಕನ್ನಡಕ್ಕೆ ಹಾಕುತ್ತೇನೆ. ಒಂದು ಸಾಲು ಬರೆದು ಮತ್ತೆ ಬ್ರಶ್ ಹಿಡಿಯುತ್ತೇನೆ, ಅಳಿಸಲೆಂದು ‘ಇ’ ಕೀಲಿ ಒತ್ತುತ್ತೇನೆ. ಎಷ್ಟೋ ಸಾಫ್ಟ್‌ವೇರ್‌ಗಳಲ್ಲಿ ಏನೂ ಆಗುವುದಿಲ್ಲ. ಇನ್‌ಸ್ಕ್ರಿಪ್ಟ್ ವಿನ್ಯಾಸದಲ್ಲಿ ಆ ಕೀಲಿಯ ಮೇಲೆ ಕೂತಿರುವುದು ‘ಆ’ಕಾರದ ಕಾಗುಣಿತ ಚಿಹ್ನೆ, ‘ಬಿ’ ಕೀಲಿಯ ಮೇಲೆ ಇರುವುದು ‘ವ’. ನೀವು ಅಕ್ಷರಕ್ಕಾಗಿ ಕಾಯುತ್ತಿದ್ದೀರಿ, ನಾನು ಜಾಗವನ್ನು ಒತ್ತುತ್ತಿದ್ದೇನೆ. ಅಳಿಸುವ ಬ್ರಶ್ ಬಂತೆಂದುಕೊಂಡು ಎಳೆದರೆ ಕಪ್ಪು ಗೆರೆ ಬೀಳುತ್ತದೆ. ರಷ್ಯನ್, ಗ್ರೀಕ್ ಲಿಪಿಯಲ್ಲಿ ಬರೆಯುವವರಿಗೂ ಇದೇ ಪಾಡು. ಬ್ರಶ್ ಬದಲಿಸುವ ಶಾರ್ಟ್‌ಕಟ್‌ಗಳನ್ನು ಕೀಲಿ ಇರುವ ಜಾಗಕ್ಕೆ ಕಟ್ಟಿಹಾಕಿ, ಅದು ಹೊಮ್ಮಿಸುವ ಅಕ್ಷರಕ್ಕಲ್ಲ. ಚಿತ್ರ ಬರೆಯುವವಳ ಎಡಗೈಗೆ ಅದು ಭಾಷೆಯ ಕೀಲಿಮಣೆಯಲ್ಲ. ನಡುಬೆರಳು ಒಂದು ಸಾಲು ಮೇಲಕ್ಕೆ ಚಾಚಿದರೆ ಸಿಗುವ ಜಾಗ, ಅಷ್ಟೇ.

ಕೀಬೋರ್ಡೇ ಇಲ್ಲದೆ ಫೋನಿನಲ್ಲಿ ಬೆರಳಿನಿಂದ ಬಿಡಿಸುವ ಮಕ್ಕಳು ಈಗ ಬಹಳ. ಅವರಿಗೂ ಇದೇ ನ್ಯಾಯ. ಹೆಬ್ಬೆರಳು ಎಟುಕುವಲ್ಲಿ ಒಂದು ಗುಂಡಿ, ಒತ್ತಿಹಿಡಿದಷ್ಟು ಹೊತ್ತು ಇನ್ನೊಂದು ಬ್ರಶ್.

ಕಣ್ಣಿಗೂ ಒಂದು ಸುಳಿವು ಬೇಕು, ಅದು ಕಣ್ಣು ಇರುವಲ್ಲೇ ಇರಬೇಕು. ಬರೆಯುವಾಗ ನನ್ನ ಕಣ್ಣು ಪೆನ್ನಿನ ತುದಿ ಬಿಟ್ಟು ಕದಲುವುದಿಲ್ಲ. ಪರದೆಯ ಮೇಲ್ತುದಿಯಲ್ಲಿ ಅಂಗೈ ಅಗಲದ ಚಿತ್ರ ಹಾಕಿದರೂ ನನಗೆ ಕಾಣುವುದಿಲ್ಲ. ತುದಿಯ ಸುತ್ತ ಇರುವ ಆ ತೆಳು ವೃತ್ತವೇ ಅಳಿಸುವಾಗ ಬೇರೆ ರೂಪ ತಾಳಲಿ.

ಕೊನೆಗೆ, ನಿಮ್ಮಲ್ಲಿ ಒಂದು ಗುಂಪು ಮಾಡಿದ ಕೆಲಸವನ್ನು ಉಳಿದವರೆಲ್ಲ ನೋಡಬೇಕೆಂದು ಕೇಳಿಕೊಳ್ಳುತ್ತೇನೆ. ಮಾರ್ಟಿನ್ ರೆನಾಲ್ಡ್ ಶುರುಮಾಡಿದ ಮೈಪೇಂಟ್‌ನಲ್ಲಿ, ಕ್ಯಾನ್ವಾಸಿನ ಮೇಲಿರುವ ಯಾವುದೋ ಗೆರೆಯ ಮೇಲೆ ಪೆನ್ನು ತಂದು ‘ಡಬ್ಲ್ಯು’ ಒತ್ತಿದರೆ, ಆ ಗೆರೆಯನ್ನು ಎಳೆದ ಬ್ರಶ್, ಅದರ ಬಣ್ಣ, ಅದಿರುವ ಲೇಯರ್, ಮೂರೂ ಕೈಗೆ ಬರುತ್ತವೆ. ಬ್ರಶ್ ಪೆಟ್ಟಿಗೆ ತೆರೆದು ಹುಡುಕುವ ಮಾತೇ ಇಲ್ಲ, ಚಿತ್ರವೇ ಪೆಟ್ಟಿಗೆ. ಗೆರೆಗಳ ಈ ನೆನಪು ಕಡತದ ಒಳಗೇ ಉಳಿಯುತ್ತದೆ. ಇದನ್ನು ಮೊದಲ ಸಲ ಮಾಡಿ ನೋಡಿದಾಗ ನನಗೆ ಮಾತೇ ಹೊರಡಲಿಲ್ಲ. ಪುಸ್ತಕದ ಎರಡನೆಯ ಮುದ್ರಣಕ್ಕೆಂದು ಹಳೆಯ ಚಿತ್ರ ತೆರೆದು, ಅಜ್ಜಿಯ ಕೈಗೆ ಒಂದು ಬಳೆ ಸೇರಿಸಬೇಕಾದಾಗ, ಆ ಗೆರೆಯನ್ನು ಯಾವ ಬ್ರಶ್ಶಿನಲ್ಲಿ, ಎಷ್ಟು ದಪ್ಪದಲ್ಲಿ ಎಳೆದಿದ್ದೆ ಎಂದು ನೆನಪಿಸಿಕೊಳ್ಳಲಾಗದೆ ಅರ್ಧ ದಿನ ಕಳೆದವಳು ನಾನು. ಆ ಗೆರೆಯನ್ನೇ ಕೇಳಿದ್ದರೆ ಹೇಳುತ್ತಿತ್ತು.

ಬೋರ್ಡ್ ಮುಗಿದ ಸಂಜೆ ಮಾವ ಬ್ರಶ್‌ಗಳನ್ನು ಸೀಮೆಎಣ್ಣೆಯಲ್ಲಿ ತೊಳೆದು, ಒರೆಸಿ, ಕೂದಲಿಗೆ ಒಂದು ಹನಿ ಎಣ್ಣೆ ಸವರಿ, ತುದಿಯನ್ನು ಎರಡು ಬೆರಳಲ್ಲಿ ಹಿಡಿದು ಚೂಪು ಮಾಡಿ ಮಲಗಿಸಿಡುತ್ತಿದ್ದ. ಬೆಳಿಗ್ಗೆ ಬಂದು ಹಾಗೇ ಎತ್ತಿಕೊಳ್ಳುತ್ತಿದ್ದ. ನಿಮ್ಮ ಸಾಫ್ಟ್‌ವೇರ್ ಮುಚ್ಚಿ ಮರುದಿನ ತೆರೆದಾಗಲೂ ನನ್ನ ಬ್ರಶ್‌ಗಳು ನಿನ್ನೆ ಮಲಗಿಸಿದ ಹಾಗೇ ಸಿಗಲಿ.

ಇವುಗಳಲ್ಲಿ ಯಾವುದನ್ನಾದರೂ ಕೈಗೆತ್ತಿಕೊಂಡರೆ ಪರೀಕ್ಷಿಸಿ ನೋಡಲು ನಾನು ಸಿದ್ಧಳಿದ್ದೇನೆ. ನನ್ನ ಬಳಿ 4 ಜಿಬಿ ಮೆಮೊರಿಯ ಹಳೆಯ ಲ್ಯಾಪ್‌ಟಾಪ್ ಇದೆ, ಎರಡು ಕಡೆಯೂ ಬರೆಯುವ ಪೆನ್ನಿದೆ, ಕನ್ನಡಕ್ಕೆ ಹಾಕಿಟ್ಟ ಕೀಬೋರ್ಡಿದೆ. ಆ ಕೆರೆ ಏರಿಯ ಚಿತ್ರದ ಹಾಳಾದ ಕಡತವನ್ನೂ ಅಳಿಸದೆ ಇಟ್ಟುಕೊಂಡಿದ್ದೇನೆ. ಕೇಳಿದರೆ ಕಳುಹಿಸಿಕೊಡುತ್ತೇನೆ.

ಇಂತಿ,
ನಿಮ್ಮ ಕ್ಯಾನ್ವಾಸಿನ ಮೇಲೆ ದಿನವೂ ಕೆಲಸ ಮಾಡುವ ಒಬ್ಬ ಚಿತ್ರಕಲಾವಿದೆ